ಬಟ್ಟಲಲ್ಲಿ ಮಲಗಿದ ಮರಿ

ಸೆಪ್ಟೆಂಬರ್ 17

ಕಣ್ಣು ಸರಿಯಿಲ್ಲವೆಂದು ಮತ್ತೆ ವಾಪಸ್ ಬಂತು.

ಗೊಂಬೆಯ ಮುಖಚರ್ಯೆ ನೋಡಿಕೊಳ್ಳುವ ವಿಭಾಗದವರ ಟಿಪ್ಪಣಿ: ರೆಪ್ಪೆಯ ಗೆರೆ ಇನ್ನೂ ಸ್ವಲ್ಪ ಕೆಳಕ್ಕೆ ಬಾಗಬೇಕು, ಈಗಿರುವಂತೆ ಬಿಟ್ಟರೆ ಯೂರಾ ನಿದ್ದೆ ಮಾಡುತ್ತಿರುವ ಹಾಗೆ ಕಾಣುವುದಿಲ್ಲ. ಹಾಗಾದರೆ ಹೇಗೆ ಕಾಣುತ್ತದೆ? ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ.

ಕಪ್ಪೆಳ್ಳಿನ ಪೇಸ್ಟು, ಸಣ್ಣ ಕುಂಚ. ಬೆಳಿಗ್ಗೆಯಿಡೀ ಮುಚ್ಚಿದ ಕಣ್ಣುಗಳನ್ನೇ ಬರೆದೆ. ಯೂರಾ ನಮ್ಮ ಮನರಂಜನಾ ಪಾರ್ಕಿನ ಗೊಂಬೆ ಪಾತ್ರ, ಕಡಲ ನೀರುನಾಯಿ ಮರಿ. ಅಂಗಾತ ಮಲಗಿ ತೇಲುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಬೇಸಿಗೆಯಲ್ಲಿ ನಿಂಬೆ ಜೆಲ್ಲಿಯ ಮೇಲೆ ತೇಲಿತು. ಈಗ ಅನ್ನದ ಯೂರಾ — ಮೇಲೆ ಮೊಟ್ಟೆ ದೋಸೆಯ ಹೊದಿಕೆ, ಸುತ್ತ ಸಾರಿನ ಕಡಲು. ಹೊಸವರ್ಷಕ್ಕೆ ಕೆಂಪುಕಾಳಿನ ಪಾಯಸ. ನಡುವೆ ಬೆಳ್ಳಗೆ, ಮೈ ಚೆಲ್ಲಿ ಮಲಗಿದ ಮರಿ.

ಕೌಂಟರಿನ ಹುಡುಗಿಯರು "ತಿನ್ನಿ" ಎನ್ನುವ ಹಾಗಿಲ್ಲ. "ಯೂರಾ ಜೊತೆ ಹಾಯಾಗಿರಿ" ಎನ್ನಬೇಕು. ಕತ್ತರಿಸಿದ ಯೂರಾನ ಫೋಟೊ ಎಲ್ಲಿಯೂ ಬರಬಾರದು. ನಿಯಮ.

ಮಧ್ಯಾಹ್ನ ಮೀಟಿಂಗು. ಮುಖ್ಯಸ್ಥ ಕುವಬಾರಾ ಬಂದವರೇ ಹೇಳಿಬಿಟ್ಟರು — ಈ ಸಲ ಪಾಯಸದಲ್ಲಿ ಮೊಚಿ ಬೇಡ. ಪ್ರತಿ ಹೊಸವರ್ಷವೂ ಪತ್ರಿಕೆಯಲ್ಲಿ ಬರುತ್ತದಲ್ಲ, ಅಂಟಕ್ಕಿಯ ಉಂಡೆ ಗಂಟಲಿಗೆ ಸಿಕ್ಕಿ ಇಂತಿಂಥ ಊರಿನಲ್ಲಿ ಇಂತಿಂಥ ಅಜ್ಜ ತೀರಿಕೊಂಡರು ಎಂದು. ಆ ಸಾಲಿನಲ್ಲಿ ನಮ್ಮ ಪಾರ್ಕಿನ ಹೆಸರು ಬರಬಾರದು.

"ಮತ್ತೆ ಏನು ತೇಲಿಸೋದು ಸಾರ್, ಬೆಂಡಾ?" ಅಂದಳು ಶಿಯೋಮಿ. ಅಡುಗೆಮನೆಯಲ್ಲಿ ನನ್ನ ಜೊತೆಗಾತಿ, ಬಾಯಿಗೆ ಬೀಗವಿಲ್ಲ.

"ನೋಡೋಕೆ ಮೊಚಿ ಥರಾನೇ ಇರ್ಬೇಕು. ಬಾಯಲ್ಲೂ ಮೊಚಿ ಥರಾನೇ ಇರ್ಬೇಕು. ಗಂಟಲಲ್ಲಿ ಮಾತ್ರ ಇರಬಾರದು, ಅಷ್ಟೆ" ಎಂದು ಕುವಬಾರಾ ನನ್ನ ಕಡೆ ತಿರುಗಿದರು. "ಮಿನೆಗಿಶಿ ಅವರೇ, ಇದು ನಿಮ್ಮಿಂದ ಆಗುತ್ತೆ. ನಿಮಗೆ ಮನೇಲೂ… ಅಭ್ಯಾಸ ಇದೆಯಲ್ಲ."

ಆಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿ, ಚಹಾ ತರಿಸಿದರು.

ಅಭ್ಯಾಸ ಇದೆ. ನನ್ನ ಗಂಡ ಮೊರಿಯೊಗೆ ಕೊಡುವ ಚಹಾಕ್ಕೆ, ನೀರಿಗೆ, ಸಾರಿಗೆ ಎಲ್ಲಕ್ಕೂ ಪುಡಿ ಬೆರೆಸಿ ಅಂಬಲಿಯ ಹಾಗೆ ಗಟ್ಟಿ ಮಾಡುತ್ತೇನೆ. ತೆಳ್ಳಗಿದ್ದದ್ದು ಹಾದಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೈಗೆ ಎಷ್ಟು ರೂಢಿಯಾಗಿದೆಯೆಂದರೆ ಮೊನ್ನೆ ನನ್ನ ಚಹಾಕ್ಕೂ ಬೆರೆಸಿಕೊಂಡು, ಅರ್ಧ ಕುಡಿದ ಮೇಲೆ ಗೊತ್ತಾಯಿತು.


ಸೆಪ್ಟೆಂಬರ್ 29

ಗಂಜಿ ನುಣ್ಣಗೆ ಅರೆಯುವುದು. ಅಂಟು ಮುರಿಯುವ ಪುಡಿ ಹಾಕುವುದು. ಬಿಸಿ ಮಾಡಿ ಮತ್ತೆ ಗಟ್ಟಿ ಕಟ್ಟಿಸುವುದು. ಮೊದಲು ಕೆಡಿಸಿ ಆಮೇಲೆ ಕಟ್ಟುವ ಕೆಲಸ.

ಇವತ್ತಿನದು ಬಾಯಲ್ಲಿ ಮೇಣ. ನಿನ್ನೆಯದು ಪಾಯಸಕ್ಕೆ ಬಿದ್ದ ಕೂಡಲೇ ಕರಗಿ ಎರಡು ಕಣ್ಣುಗಳು ಮಾತ್ರ ತೇಲಿದವು. ಶಿಯೋಮಿ ಕೈ ಮುಗಿದಳು. "ಒಳ್ಳೇ ಮರಿ, ಚಿಜುರಕ್ಕ. ನರಳಲಿಲ್ಲ."

ನಗು ಬಂತು. ಎಷ್ಟೋ ದಿನದ ಮೇಲೆ.


ಅಕ್ಟೋಬರ್ 20

ಆಸ್ಪತ್ರೆ. ಎಕ್ಸ್-ರೇ ಪರದೆಯ ಮುಂದೆ ಮೊರಿಯೊಗೆ ಬಿಳಿ ಮದ್ದು ಬೆರೆಸಿದ ಜೆಲ್ಲಿ ತಿನ್ನಿಸಿದರು. ನುಂಗುವುದು ಹೊರಗಿನಿಂದ ಏನೂ ಅಲ್ಲ. ಒಳಗೆ ಎಷ್ಟೊಂದು ಬಾಗಿಲುಗಳು. ಒಂದು ತೆರೆಯುವಾಗ ಇನ್ನೊಂದು ಮುಚ್ಚಬೇಕು. ಅವನದು ತಡವಾಗಿ ಮುಚ್ಚುತ್ತದೆ.

ಹೋದ ವರ್ಷ ವಸಂತದಲ್ಲಿ ಸೀಮೆಸುಣ್ಣ ಕೈಯಿಂದ ಜಾರಿದಾಗ ಶುರುವಾದದ್ದು. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವನು. ಮೊದಲು ಕೈ ಹೋಯಿತು, ಆಮೇಲೆ ಕಾಲು, ಈಗ ನಾಲಿಗೆ. ನರದ ಕಾಯಿಲೆ. ಮದ್ದಿಲ್ಲ. ಅವನ ಮಾತು ನನಗೊಬ್ಬಳಿಗೇ ಅರ್ಥವಾಗುವಷ್ಟು ಉಳಿದಿದೆ. ಇಲ್ಲಿ ನೆಟ್ಟಗೆ ಮಾಡಿ ಬರೆಯುತ್ತೇನೆ.

ಡಾಕ್ಟರು ಹೊಟ್ಟೆಗೆ ಸಣ್ಣ ತೂತು ಮಾಡಿ ಕೊಳವೆ ಇಡೋಣ ಎಂದರು. ಊಟ ನೇರ ಅದರೊಳಗೆ. ಉಸಿರಿಗೆ ಬಲವಿರುವಾಗಲೇ ಮಾಡಿಬಿಡಬೇಕು.

"ಆಮೇಲೆ ಬಾಯಿಗೆ?" ಎಂದೆ.

"ರುಚಿಗೆ ಅಂತ ಒಂದೆರಡು ಚಮಚ ಕೊಡಬಹುದು. ಹೀಗೇ ಹುಷಾರಾಗಿದ್ದರೆ."

ಮೊರಿಯೊ ಬಹಳ ಹೊತ್ತು ತೆಗೆದುಕೊಂಡು ಹೇಳಿದ. "ಹೊಸವರ್ಷ ಆಗ್ಲಿ. ಮೊಚಿ ತಿಂದ್ಬಿಟ್ಟು ಬರ್ತೀನಿ. ಆಮೇಲೆ ಎಲ್ಲಿ ಬೇಕಾದ್ರೂ ತೂತು ಹಾಕಿ."

ನಾನು ಅನುವಾದಿಸಿದೆ. ಮೊಚಿ ಎಂಬುದನ್ನು ಬಿಟ್ಟು.

ಅವನಿಗೆ ಗೊತ್ತಾಯಿತು. ಟ್ಯಾಕ್ಸಿಯಲ್ಲಿ ಹೇಳಿದ: "ಸೆನ್ಸಾರ್ ಮಾಡ್ತೀಯಲ್ಲೇ."


ಅಕ್ಟೋಬರ್ 21

ಅವನಿಗೆ ಬೇಕಾಗಿರುವುದು ಇಷ್ಟೇ. ಬಾಯಿಂದ ತಿನ್ನುವುದು. ಒಂದು ಚಮಚವಾದರೂ, ಕೊನೆಯವರೆಗೆ. ನಡೆಯುವುದನ್ನು ಕೇಳಲಿಲ್ಲ, ಬರೆಯುವುದನ್ನು ಕೇಳಲಿಲ್ಲ.

ನನಗೇನು ಬೇಕು ಎಂದು ಇಲ್ಲಿ ಬರೆಯಬಹುದಿತ್ತು. ಯಾರೂ ಓದುವುದಿಲ್ಲ. ಆದರೂ ಪೆನ್ನು ನಿಂತಿತು.


ನವೆಂಬರ್ 8

ಕಟ್ಟಿತು. ಮೇಣವಲ್ಲ, ಗಂಜಿಯೂ ಅಲ್ಲ. ಚಮಚ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೆಲ್ಲಗೆ ಎದ್ದು ಬರುತ್ತದೆ. ನಾಲಿಗೆಯಿಂದ ಅಂಗುಳಿಗೆ ಒತ್ತಿದರೆ ಸಾಕು, ಒಡೆಯುತ್ತದೆ. ಕುವಬಾರಾ ಕಣ್ಣು ಮುಚ್ಚಿ ತಿಂದು "ಹೊಸವರ್ಷ ಬಂದ್ಬಿಡ್ತಲ್ರೀ" ಎಂದರು.

ಒಂದನ್ನು ಡಬ್ಬಿಯಲ್ಲಿ ಮನೆಗೆ ತಂದೆ. ಸ್ಯಾಂಪಲ್ ಹೊರಗೆ ಒಯ್ಯಬಾರದು. ಕಣ್ಣು ಬರೆಯದೇ ಇದ್ದದ್ದು, ಹಾಗಾಗಿ ಯೂರಾ ಅಲ್ಲ.

ನುಂಗುವುದನ್ನು ಅಭ್ಯಾಸ ಮಾಡಿಸುವ ನರ್ಸು ಇದ್ದಾಗಲೇ ಕೊಟ್ಟೆ. ಗದ್ದ ಎದೆಗೆ ತಾಗುವ ಹಾಗೆ ತಲೆ ಬಗ್ಗಿಸಿ, ಒಂದು ಚಮಚ. ಕಾದೆವು. ಹೋಯಿತು. ನರ್ಸು ಅವನ ಎದೆಗೆ ಕಿವಿಗೊಟ್ಟು ಕೇಳಿ, "ಎಷ್ಟು ಚೆನ್ನಾಗಿ ಹೋಯ್ತು ಮೇಷ್ಟ್ರೇ!" ಎಂದು ಚಪ್ಪಾಳೆ ತಟ್ಟಿದಳು.

"ಹೇಗಿದೆ?" ಎಂದೆ.

"ಇದು ಮೊಚಿ ಅಲ್ಲ."

"ಗೊತ್ತು."

"ಮೊಚಿ ಅಂದ್ರೆ ಜಗಳ ಆಡ್ಬೇಕು. ಇದು ಎಲ್ಲದಕ್ಕೂ ಹೂಂ ಅನ್ನುತ್ತೆ." ಸ್ವಲ್ಪ ಸುಧಾರಿಸಿಕೊಂಡು, "ಇನ್ನೊಂದು ಚಮಚ ಕೊಡು" ಎಂದ.

ಡಬ್ಬಿ ಖಾಲಿಯಾಯಿತು.

ಮದುವೆಯಾದ ಹೊಸದರಲ್ಲಿ ಇದೇ ವಿಷಯಕ್ಕೆ ಜಗಳವಾಡುತ್ತಿದ್ದೆವು. ಅವನು ನೀಗಾತದವನು, ಚೌಕ ಮೊಚಿ, ಕೆಂಡದಲ್ಲಿ ಸುಟ್ಟದ್ದು. ನಮ್ಮ ಕಡೆ ದುಂಡಗಿನದು, ಬೇಯಿಸಿದ್ದು. ಒಂದು ವರ್ಷ ಅವನದು, ಒಂದು ವರ್ಷ ನನ್ನದು ಎಂದು ರಾಜಿಯಾಯಿತು. ಚೌಕ ಎಲ್ಲಿ ಮುಗಿದು ದುಂಡು ಎಲ್ಲಿ ಶುರುವಾಗುತ್ತದೆಂದು ಮಕ್ಕಳಿಂದ ಭೂಪಟದಲ್ಲಿ ಗೆರೆ ಎಳೆಸುತ್ತಿದ್ದ. ಗೆರೆ ನಮ್ಮ ಅಡುಗೆಮನೆಯ ನಡುವೆ ಹಾದುಹೋಗುತ್ತದೆ ಎನ್ನುತ್ತಿದ್ದ.

ಈಗ ನೀರುನಾಯಿಯ ಆಕಾರ.


ನವೆಂಬರ್ 9

ನಿನ್ನೆಯದನ್ನು ಓದಿದೆ. ಸಂತೋಷ ಪಟ್ಟವಳ ಹಾಗೆ ಬರೆದಿದ್ದೇನೆ.


ಡಿಸೆಂಬರ್ 12

ಕಣ್ಣು ಪಾಸಾಯಿತು.

ಪೋಸ್ಟರು ಬಂದಿದೆ. 'ಯೂರಾನ ಹೊಸವರ್ಷದ ಜೋಂಪು. ಎಲ್ಲ ವಯಸ್ಸಿನವರಿಗೂ.' ಕೊನೆಯ ಮಾತು ನನ್ನಿಂದಾಗಿ ಸೇರಿದ್ದು. ಕುವಬಾರಾ ಬೆರಳಿಟ್ಟು ತೋರಿಸಿದರು.

"ನಿಮ್ಮ ಯಜಮಾನರನ್ನೂ ಕರ್ಕೊಂಡು ಬನ್ನಿ. ಗಾಲಿಕುರ್ಚಿಗೆ ಕಿಟಕಿ ಪಕ್ಕದ ಮೇಜು ಇಡಿಸ್ತೀನಿ. ಸಾಲಲ್ಲಿ ನಿಲ್ಲೋದೇ ಬೇಡ."

ಮನೆಯಲ್ಲಿ ಹೇಳಿದೆ. ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಹದಿನೆಂಟು ವರ್ಷ ಅಲ್ಲಿ ಕೆಲಸ ಮಾಡಿದ್ದೇನೆ, ಒಮ್ಮೆಯೂ ಬಂದವನಲ್ಲ. ಮುಖವಿರುವ ಊಟ ನನಗೆ ಬೇಡ, ಅದು ನೋಡುತ್ತಿರುತ್ತದೆ, ಎನ್ನುತ್ತಿದ್ದ.

"ಬರ್ತೀನಿ" ಎಂದ. "ನೋಡಿದ್ರೆ ನೋಡ್ಕೊಳ್ಲಿ."


ಡಿಸೆಂಬರ್ 30

ಅತ್ತೆ ನೀಗಾತದಿಂದ ಬಂದರು. ಎಂಬತ್ತು ದಾಟಿದವರು. ಎರಡು ರೈಲು ಬದಲಿಸಿ, ಬೆನ್ನ ಮೇಲೆ ಮೊಚಿ ಹೊತ್ತು. ಚೌಕ, ಗಟ್ಟಿ, ಹೆಂಚಿನ ಹಾಗೆ.

"ಅಮ್ಮ, ಅವನಿಗೆ ಇದು ಕೊಡೋ ಹಾಗಿಲ್ಲ."

"ನಂಗೊತ್ತಮ್ಮ. ಅವನಿಗೆ ಅಂತ ಯಾರು ಹೇಳಿದ್ರು? ಹೊಸವರ್ಷಕ್ಕೆ ಮನೇಲಿ ಇರ್ಬೇಕಲ್ಲ, ಅದಕ್ಕೆ." ಚೀಲದಿಂದ ಮತ್ತೇನನ್ನೋ ಎಳೆದರು. ವ್ಯಾಕ್ಯೂಮ್ ಕ್ಲೀನರಿನ ಮೂತಿ. ಸಪೂರದ್ದು, ಸಂದಿಗಳಿಗೆ ಹಾಕುವಂಥದ್ದು. "ಇದೂ ಇರ್ಲಿ. ನಮ್ಮ ಪಕ್ಕದ ಮನೆ ತಾತನ್ನ ಇದರಿಂದಲೇ ಉಳಿಸಿದ್ದು. ಬಾಯಿಗಿಟ್ಟು ಒಂದು ಸಲ ಎಳೆದರೆ ಸಾಕು, ಪಟಕ್ಕಂತ ಬಂತು."

"ಮಿಷನ್ನು?"

"ಅದನ್ನ ಹೊತ್ಕೊಂಡು ಬರೋಕಾಗುತ್ತಾ? ನಿಮ್ಮನೇಲಿ ಇಲ್ವಾ?"

ಮೊರಿಯೊ ಒಳಗಿನಿಂದ ಏನೋ ಹೇಳಿದ.

"ಏನಂದ?"

"ಅಮ್ಮ ನನ್ನ ಗುಡಿಸೋಕೆ ಬಂದಿದಾಳೆ ಅಂತ."

ಅತ್ತೆ ನಕ್ಕರು. ನಗುತ್ತಲೇ ಬಚ್ಚಲಿಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಬರುತ್ತಿತ್ತು.


ಜನವರಿ 2

ಮೊದಲ ದಿನವೇ ಸಾಲು ದೀಪಸ್ತಂಭ ದಾಟಿ ಜೈಂಟ್ ವೀಲ್‌ವರೆಗೆ. ಜನ ತಮ್ಮ ತಮ್ಮ ಬಟ್ಟೆಗೊಂಬೆ ಯೂರಾಗಳನ್ನು ಎದೆಗವಚಿಕೊಂಡು ಬರುತ್ತಾರೆ. ಬಟ್ಟಲಿನ ಮುಂದೆ ಗೊಂಬೆಯನ್ನು ಕೂರಿಸಿ, ಕತ್ತು ಸರಿಮಾಡಿ, ಫೋಟೊ. ಗೊಂಬೆಯ ಸ್ಕಾರ್ಫು ಸರಿಮಾಡಿ, ಇನ್ನೊಂದು ಫೋಟೊ. ಪಾಯಸ ಆರಿ ಕೆನೆ ಕಟ್ಟುತ್ತದೆ.

ಪಾತ್ರೆ ತೊಳೆಯುವ ಕಡೆ ನಿಂತು ನೋಡಿದೆ. ಬಟ್ಟಲುಗಳು ಬರುತ್ತವೆ. ಪಾಯಸ ಕುಡಿದಿದ್ದಾರೆ. ತಳದಲ್ಲಿ ಮರಿ ಹಾಗೆಯೇ ಮಲಗಿದೆ. ಬಟ್ಟಲು ಬಟ್ಟಲಿನಲ್ಲೂ. ತಿನ್ನಲು ಮನಸ್ಸು ಬಂದಿಲ್ಲ.

ಶಿಯೋಮಿ ಚಮಚದಿಂದ ಎತ್ತಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. "ಅಯ್ಯೋ ಪಾಪ ಅಂತಾರೆ, ಬಿಟ್ಟು ಹೋಗ್ತಾರೆ. ಪಾಪ ಯಾರಿಗೆ ಬಂತು ಹೇಳಿ ಚಿಜುರಕ್ಕ? ನಂಗೆ."

ಮೂರು ತಿಂಗಳು ಗಂಟಲಿನ ಬಗ್ಗೆ ಯೋಚಿಸಿದೆ. ಅವರದು ಗಂಟಲಿನವರೆಗೆ ಹೋಗುವುದೇ ಇಲ್ಲ.

ಬಕೆಟ್ಟಿನಲ್ಲಿ ಎಲ್ಲವೂ ಒಂದರ ಮೇಲೊಂದು, ನಿದ್ದೆಯಲ್ಲಿ.


ಜನವರಿ 4

ಇವತ್ತು ಅವನು ಬಂದ.

ಬಿಸಿಲಿತ್ತು. ಕಡಲ ಕಡೆಯಿಂದ ಗಾಳಿ. ಕುರ್ಚಿ ತಳ್ಳಿದ್ದು ನಾನು. ಅತ್ತೆ ಪಕ್ಕದಲ್ಲಿ, ಹಬ್ಬದ ಕಿಮೊನೊದಲ್ಲಿ, ಕೈಚೀಲದಿಂದ ವ್ಯಾಕ್ಯೂಮಿನ ಮೂತಿ ಇಣುಕುತ್ತಿತ್ತು. ಗೇಟಿನವನು ಚೀಲ ತಪಾಸಣೆ ಮಾಡುವಾಗ ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. "ಮೊಚಿಗೆ" ಎಂದೆ. "ಓ" ಎಂದು ಬಿಟ್ಟುಬಿಟ್ಟ. ವಿವರಿಸಬೇಕಾಗಲಿಲ್ಲ.

ಕುವಬಾರಾ ಸ್ವತಃ ಬಟ್ಟಲು ತಂದಿಟ್ಟರು. "ಯೂರಾ ಜೊತೆ ಹಾಯಾಗಿರಿ ಮೇಷ್ಟ್ರೇ."

ಮೊರಿಯೊ ಅದನ್ನೇ ನೋಡಿದ. ಬಹಳ ಹೊತ್ತು. ಆಮೇಲೆ ನನಗೆ ಹೇಳಿದ: "ಕಣ್ಣು ಚೆನ್ನಾಗಿ ಬರ್ದಿದೀಯ."

ಪಕ್ಕದ ಮೇಜಿನಲ್ಲಿ ಐದಾರು ವರ್ಷದ ಹುಡುಗಿ, ಅಮ್ಮನ ಜೊತೆ. ಕುರ್ಚಿಯ ಮೇಲೆ ಮೊಣಕಾಲೂರಿ ನಮ್ಮ ಕಡೆ ತಿರುಗಿದಳು. "ತಾತ, ಕಾಲಿಂದ ತಿನ್ಬೇಕು. ಆವಾಗ ಅದಕ್ಕೆ ಎಚ್ಚರ ಆಗಲ್ಲ."

"ಏಯ್, ಸುಮ್ನಿರೆ" ಎಂದಳು ತಾಯಿ.

ಮೊರಿಯೊ ತಲೆಯಾಡಿಸಿದ. ಅದು ಈಗಲೂ ಆಗುತ್ತದೆ. ಕಾಲಿನಿಂದ ಶುರುಮಾಡಿದೆ.

ಗದ್ದ ಕೆಳಗೆ. ಒಂದು ಚಮಚ. ಕಾಯುವುದು. ಅತ್ತೆಯ ಕೈ ಚೀಲದೊಳಗೆ. ಕುವಬಾರಾ ಕಂಬದ ಪಕ್ಕ, ಉಸಿರು ಹಿಡಿದು. ಅಡುಗೆಮನೆಯ ಕಿಂಡಿಯಲ್ಲಿ ಶಿಯೋಮಿಯ ಅರ್ಧ ಮುಖ. ಹೋಯಿತು. ಎರಡನೆಯದು. ಹೋಯಿತು. ಹೊಟ್ಟೆ. ಕೈಗಳು. ಕೊನೆಗೆ ತಲೆ — ಅದನ್ನು ಎರಡು ಭಾಗ ಮಾಡಿದೆ, ಯಾರಿಗೂ ಕಾಣದ ಹಾಗೆ ಕೈ ಅಡ್ಡ ಹಿಡಿದು. ಎಲ್ಲ ಹೋಯಿತು.

ಆ ಹುಡುಗಿ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ.

"ಅಮ್ಮಾ, ಅದನ್ನ ಒಳಗಿಡಿ" ಎಂದೆ. ಅತ್ತೆ ಮೂತಿಯನ್ನು ಚೀಲಕ್ಕೆ ತುರುಕಿ, ಕಿಮೊನೊ ತೋಳಿನಿಂದ ಕಣ್ಣೊರೆಸಿಕೊಂಡರು.

"ಸಾರು" ಎಂದ ಮೊರಿಯೊ. ಪಾಯಸವನ್ನು ಅವನು ಹಾಗೇ ಕರೆಯುವುದು. ಕೊಟ್ಟೆ. ಕಣ್ಣು ಮುಚ್ಚಿದ. "ಇನ್ನೊಂದು." ಕೊಟ್ಟೆ. "ನಿಮ್ಮಮ್ಮ ಮಾಡ್ತಿದ್ದ ಹಾಗಿದೆ" ಎಂದ. ಅರ್ಧ ಬಟ್ಟಲು ಕುಡಿದ. ಕೆಮ್ಮಲೇ ಇಲ್ಲ.

ವಾಪಸ್ ಬರುವಾಗ ನಿದ್ದೆ ಹೋದ. ಗಾಳಿಗೆ ಅವನ ಟೊಪ್ಪಿ ಸರಿಮಾಡುತ್ತಾ, ಇದಕ್ಕಿಂತ ಹೆಚ್ಚು ಏನೂ ಕೇಳಬಾರದು ಎಂದುಕೊಂಡೆ.


ಜನವರಿ 6

ಜ್ವರ.


ಜನವರಿ 8, ಆಸ್ಪತ್ರೆ

ಡಾಕ್ಟರು ಕೇಳಿದರು, ಈಚೆಗೆ ಏನು ತಿಂದಿದ್ದರು.

"ಮೊಚಿ ಅಲ್ಲ" ಎಂದೆ. ಅವರು ಕೇಳುವ ಮೊದಲೇ. "ಮೊಚಿ ಥರದ್ದು. ನಾನೇ ಮಾಡಿದ್ದು. ಟೆಸ್ಟ್ ಮಾಡಿದ್ವಿ. ನರ್ಸು ಎದೆಗೆ ಕಿವಿ ಕೊಟ್ಟು ಕೇಳಿದಾರೆ—"

"ಸರಿ. ಅದರ ಜೊತೆಗೆ?"

"ಜೊತೆಗೆ ಪಾಯಸ."

"ಗಟ್ಟಿ ಮಾಡಿದ್ರಾ?"

ಪುಡಿಯ ಪ್ಯಾಕೆಟ್ಟು ಕುರ್ಚಿಯ ಹಿಂದಿನ ಚೀಲದಲ್ಲಿತ್ತು. ಯಾವಾಗಲೂ ಇರುತ್ತದೆ. ಇವತ್ತೂ ಇದೆ. ಒಡೆದಿಲ್ಲ.

ನೀರಿಗೆ ಹಾಕುತ್ತೇನೆ. ಚಹಾಕ್ಕೆ ಹಾಕುತ್ತೇನೆ. ಔಷಧಿ ಕುಡಿಸುವ ಗುಟುಕಿಗೂ ಹಾಕುತ್ತೇನೆ. ಅವತ್ತು ಬಟ್ಟಲಿನ ನಡುವೆ ಮೊಚಿಯ ಆಕಾರವಿತ್ತು. ಹೊಸವರ್ಷ. ಇಡೀ ದೇಶ ಹೆದರುವುದು ಅದೊಂದಕ್ಕೆ. ಅತ್ತೆ ಮೂತಿ ಹಿಡಿದು ಕೂತಿದ್ದರು, ಕುವಬಾರಾ ಉಸಿರು ಬಿಗಿಹಿಡಿದಿದ್ದರು, ನಾನು ಒಂದೊಂದು ಚಮಚಕ್ಕೂ ಕಾದೆ. ಅದು ಹೋದ ಕೂಡಲೇ ಅಪಾಯ ಕಳೆಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ನಗುನಗುತ್ತಾ ತೆಳ್ಳನೆಯ ಪಾಯಸವನ್ನು ಅವನ ಎದೆಗೂಡಿಗೆ ಹೊಯ್ದೆ.

"ಆದ್ರೆ ಅವನು ಕೆಮ್ಮಲಿಲ್ಲ ಡಾಕ್ಟ್ರೇ."

"ಕೆಮ್ಮೋ ಶಕ್ತಿ ಇದ್ದಿದ್ರೆ ಕೆಮ್ಮೋರು" ಎಂದರು. ಕೆಟ್ಟದಾಗಿ ಹೇಳಲಿಲ್ಲ.


ಜನವರಿ 11

ಮೂಗಿನಲ್ಲಿ ಕೊಳವೆ. ಮಾತು ಪೂರ್ತಿ ನಿಂತಿದೆ. ಪಾರದರ್ಶಕ ಹಲಗೆಯ ಮೇಲೆ ಅಕ್ಷರಗಳಿವೆ; ನಾನು ಈಚೆ ಹಿಡಿಯುತ್ತೇನೆ, ಅವನ ಕಣ್ಣು ಆಚೆಯಿಂದ ಒಂದೊಂದೇ ಅಕ್ಷರದ ಮೇಲೆ ನಿಲ್ಲುತ್ತದೆ. ಮೊದಲು ಹೇಳಿದ್ದು: ಪಾಯಸ ಚೆನ್ನಾಗಿತ್ತು.

ಅವನಿಗೆ ಗೊತ್ತಿದೆ. ಗೊತ್ತಿದ್ದೇ ಹೇಳಿದ.

ಮನೆಯಲ್ಲಿ ಅತ್ತೆ ದೇವರ ಮುಂದಿಟ್ಟಿದ್ದ ಹೊಸವರ್ಷದ ಮೊಚಿಯನ್ನು ಇವತ್ತು ಒಡೆದರು. ಕತ್ತರಿಸಬಾರದು, ಅಪಶಕುನ. ಸುತ್ತಿಗೆಯಿಂದ ಒಡೆಯಬೇಕು. ಅಂಗಳದಲ್ಲಿ ಪತ್ರಿಕೆ ಹಾಸಿ ಕೂತು ಒಡೆಯುತ್ತಲೇ ಇದ್ದರು, ಪುಡಿಯಾಗುವವರೆಗೆ.

"ನಕಲಿ ಮೊಚಿ" ಎಂದರು, ಸುತ್ತಿಗೆ ಎತ್ತಿ. "ಅದೇ ಆಗಿದ್ದು. ನಿಜವಾದ ಮೊಚಿ ಯಾರನ್ನೂ ಹೀಗೆ ಮಾಡಲ್ಲ. ಸಿಕ್ಕಿಕೊಳ್ಳುತ್ತೆ, ಎಳೀಬಹುದು. ಮುಖಾನ ಇಟ್ಟು ಏನೇನೋ ಬೆರೆಸಿದ್ರೆ…"

"ಅಮ್ಮ, ಅದು ಮೊಚಿಯಿಂದ ಅಲ್ಲ."

"ನಿನ್ನ ಬೈತಿಲ್ಲಮ್ಮ ನಾನು. ನಿನ್ನ ಕಂಪನೀನ ಬೈತಿದೀನಿ."

"ಪಾಯಸದಿಂದ."

ಅತ್ತೆ ನನ್ನನ್ನು ನೋಡಿದರು. ಪಾಯಸದಿಂದ ಯಾರಾದರೂ ಸಾಯುವುದುಂಟೇ, ಎಂಬ ಹಾಗೆ. ಮತ್ತೆ ಒಡೆಯತೊಡಗಿದರು.


ಜನವರಿ 27

ಪಾಯಸ ಗೆದ್ದಿದೆ. ಮಾರ್ಚ್‌ವರೆಗೆ ಮುಂದುವರಿಸುತ್ತಾರೆ. 'ಹೊಸವರ್ಷ' ತೆಗೆದು 'ಚಳಿಗಾಲದ ಜೋಂಪು' ಎಂದು ಪೋಸ್ಟರು ಬದಲಿಸಿದರು.

ಕುವಬಾರಾ ನನ್ನನ್ನು ಪಕ್ಕಕ್ಕೆ ಕರೆದರು. "ಮಿನೆಗಿಶಿ ಅವರೇ… ನಮ್ಮಲ್ಲಿ ತಿಂದಿದ್ದಕ್ಕೂ ಇದಕ್ಕೂ…?" ಅವರ ಕಿವಿ ಕೆಂಪಾಗಿತ್ತು.

"ಇಲ್ಲ. ನನ್ನ ಚಮಚ ಅದು."

ಅವರ ಹೆಗಲು ಇಳಿದದ್ದನ್ನು ನೋಡಿದೆ. ತಮ್ಮ ಹೆಗಲು ಇಳಿದದ್ದು ಅವರಿಗೂ ಗೊತ್ತಾಯಿತು. ಬಗ್ಗಿ ನಮಸ್ಕರಿಸಿ ಬಹಳ ಹೊತ್ತು ಮೇಲೇಳಲಿಲ್ಲ. ಅವರ ಮೇಲೆ ಸಿಟ್ಟು ಬರಲೆಂದು ಕಾದೆ. ಬರಲಿಲ್ಲ.

ವಸಂತದ ಮೆನು ಶುರುವಾಗಬೇಕು. ಸ್ಟ್ರಾಬೆರಿ ಹಾಲಿನ ಪುಡಿಂಗು. ಯೂರಾಗೆ ಎಚ್ಚರವಾಗುತ್ತದೆ, ಕಣ್ಣು ತೆರೆದಿರಬೇಕು. ರಜೆ ತೆಗೆದುಕೊಳ್ಳಿ ಎಂದರು. ತೆಗೆದುಕೊಂಡರೆ ಎಲ್ಲಿಗೆ ಹೋಗಲಿ? ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿ ಒಳಗೆ ಬಿಡುವುದಿಲ್ಲ.

ತೆರೆದ ಕಣ್ಣು ಬರೆಯುವುದು ಸುಲಭ. ಎರಡು ಚುಕ್ಕೆ, ಅಷ್ಟೇ.


ಫೆಬ್ರವರಿ 5

ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಹೇಳಿದರು. ಮೂಗಿನ ಕೊಳವೆ ತಾತ್ಕಾಲಿಕ. ಹೊಟ್ಟೆಯ ಕೊಳವೆ ಇಡುವುದಾದರೆ ಈ ವಾರವೇ. ಇಟ್ಟರೆ ಇನ್ನೊಂದು ವರ್ಷ, ಬಹುಶಃ ಹೆಚ್ಚು.

ಮೊರಿಯೊನ ಕಣ್ಣು ಹಲಗೆಯ ಕಡೆ ಹೋಯಿತು. ಹಿಡಿದೆ. ಬಾಯಿಗೆ?

"ಇಲ್ಲ" ಎಂದರು ಡಾಕ್ಟರು. "ಇನ್ನು ಬಾಯಿಗೆ ಏನೂ ಕೊಡೋಕಾಗಲ್ಲ. ಒಂದು ಚಮಚಾನೂ. ಅಕ್ಟೋಬರಿನಲ್ಲಿ ನಾನು ಹೇಳಿದ ಸ್ಥಿತಿ ಈಗಿಲ್ಲ."

ಅಕ್ಟೋಬರಿನಲ್ಲಿ ಅವನು ಒಪ್ಪಂದ ಮಾಡಿಕೊಂಡಿದ್ದ. ತೂತು ಹಾಕಿ, ಒಂದು ಚಮಚ ಬಿಟ್ಟುಕೊಡಿ. ಆ ಒಂದು ಚಮಚವನ್ನು ನಾನು ಜನವರಿ ನಾಲ್ಕರಂದೇ ಖರ್ಚು ಮಾಡಿದ್ದೆ.

ಅವನ ಕಣ್ಣು ಮತ್ತೆ ಚಲಿಸಿತು. ನಿಧಾನವಾಗಿ, ಒಂದೊಂದೇ ಅಕ್ಷರ, ನಾನು ತಪ್ಪು ಓದದಿರಲೆಂದು ಒಂದೊಂದರ ಮೇಲೂ ಕಾದು.

ಹಾಗಾದರೆ ಬೇಡ.

ಅತ್ತೆ ಎದ್ದರು. "ಏನೋ ಬೇಡ? ಏನು ಬೇಡ? ನಿನ್ನನ್ನ ಉಪವಾಸ ಕೆಡವೋಕಾ ನಾನು ಹೆತ್ತಿದ್ದು?" ಆಮೇಲೆ ನನಗೆ: "ಚಿಜುರು, ನೀನು ಹೇಳು. ನಿನ್ನ ಮಾತು ಕೇಳ್ತಾನೆ. ಹೇಳಮ್ಮ!"

ಅವನು ನನ್ನನ್ನು ನೋಡುತ್ತಿದ್ದ. ಹಲಗೆಯ ಆಚೆಯಿಂದ, ಅಕ್ಷರಗಳ ನಡುವಿನ ಖಾಲಿ ಜಾಗದಿಂದ.

ಹೇಳಬಹುದಿತ್ತು. ಇರು, ನನಗಾಗಿ ಇರು, ಎನ್ನಬಹುದಿತ್ತು. ಅವನು ಇರುತ್ತಿದ್ದ. ಅದು ನನಗೆ ಗೊತ್ತಿತ್ತು.

"ಅವನು ಬೇಡ ಅಂದಿದಾನೆ" ಎಂದೆ, ಡಾಕ್ಟರಿಗೆ. ಏನನ್ನೂ ಬಿಡದೆ ಅನುವಾದಿಸಿದೆ.


ಫೆಬ್ರವರಿ 8

ಮೂಗಿನದೂ ತೆಗೆದರು. ತೋಳಿಗೆ ಸಣ್ಣ ಡ್ರಿಪ್ಪು. ಗಂಟಲು ಒಣಗದಿರಲೆಂದು ತುಟಿಗೆ ಒದ್ದೆ ಹತ್ತಿ. ವಾರಗಳು ಎಂದರು ಡಾಕ್ಟರು.

ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಬೆಳಿಗ್ಗೆ ಎದ್ದರೆ ನನಗೆ ಊಟದ ಡಬ್ಬಿ ಕಟ್ಟಿಟ್ಟಿರುತ್ತಾರೆ. ಅನ್ನ, ಸುಟ್ಟ ಮೀನು, ಉಪ್ಪಿನಲ್ಲಿ ಹಾಕಿದ ಹಣ್ಣು.

ಹಾಗೇ ಶಿಯೋಮಿಗೆ ಕೊಡುತ್ತೇನೆ. ನನಗೆ ಇಳಿಯುವುದಿಲ್ಲ. ಆಸ್ಪತ್ರೆಯಲ್ಲಂತೂ ನೀರನ್ನೂ ಕಾರಿಡಾರಿಗೆ ಹೋಗಿ ಕುಡಿಯುತ್ತೇನೆ, ಬೆನ್ನು ತಿರುಗಿಸಿ.

"ಚಿಜುರಕ್ಕ, ನಿಮ್ಮ ಕೋಟು ನಿಮಗಿಂತ ದಪ್ಪ ಆಗಿದೆ" ಎಂದಳು ಇವತ್ತು. ಎಂದಿನ ಹಾಗೆ ನಗಲಿಲ್ಲ. ಮೀನಿನ ಮುಳ್ಳು ಬಿಡಿಸಿ ಮುಚ್ಚಳದ ಮೇಲಿಟ್ಟು ನನ್ನ ಕಡೆ ದೂಡಿದಳು. "ಒಂದೇ ಒಂದು."

ಆಗಲಿಲ್ಲ.


ಫೆಬ್ರವರಿ 19

ಮೊದಲ ಸ್ಯಾಂಪಲ್. ತೆಳು ಗುಲಾಬಿ ಪುಡಿಂಗಿನ ಮೇಲೆ ಎದ್ದು ಕೂತ ಯೂರಾ, ಹೊಟ್ಟೆಯ ಮೇಲೆ ಸ್ಟ್ರಾಬೆರಿ. ಎಲ್ಲರೂ "ಅಯ್ಯೋ ಎಷ್ಟು ಮುದ್ದು" ಎಂದರು. ನಾನು ರುಚಿ ನೋಡಬೇಕಿತ್ತು. ಆಮೇಲೆ ನೋಡುತ್ತೇನೆಂದು ಡಬ್ಬಿಗೆ ಹಾಕಿಕೊಂಡೆ. ಸಕ್ಕರೆ ಹೆಚ್ಚೋ ಕಮ್ಮಿಯೋ ನಾಳೆ ಹೇಳಬೇಕು.


ಫೆಬ್ರವರಿ 20, ಮಧ್ಯಾಹ್ನ

ಅವನಿಗೆ ವಾಸನೆ ಬಂದುಬಿಟ್ಟಿತು. ಡಬ್ಬಿ ಚೀಲದಲ್ಲಿತ್ತು, ಮುಚ್ಚಳ ಸಡಿಲ. ಅವನ ಕಣ್ಣು ಚೀಲದ ಕಡೆ ಹೋಗಿ, ಹಲಗೆಯ ಕಡೆ ಬಂತು.

ಏನದು.

"ಸ್ಟ್ರಾಬೆರಿ. ವಸಂತದ್ದು. ಹೊರಗಿಟ್ಟು ಬರ್ತೀನಿ ಇರು."

ತೋರಿಸು.

ತೆರೆದು ತೋರಿಸಿದೆ. ದಾರಿಯಲ್ಲಿ ಅಲುಗಾಡಿ ಒಂದು ಕಡೆಗೆ ವಾಲಿತ್ತು. ಅವನು ನೋಡಿದ.

ತಿನ್ನು.

"ಆಮೇಲೆ. ಕಾರಿಡಾರಲ್ಲಿ."

ಇಲ್ಲಿ.

"ಮೊರಿಯೊ, ಬೇಡ. ನಿನ್ನ ಮುಂದೆ ನಾನು ಹೇಗೆ—"

ಅವನ ಕಣ್ಣು ನನ್ನ ಮಾತು ಮುಗಿಯಲು ಕಾಯಲಿಲ್ಲ. ಅಕ್ಷರದಿಂದ ಅಕ್ಷರಕ್ಕೆ ಹೋಯಿತು. ದಣಿದು ನಡುವೆ ಮುಚ್ಚಿತು. ಮತ್ತೆ ತೆರೆಯಿತು. ನೀನೂ ನಿಲ್ಲಿಸಿದರೆ ನಾನು ಎಲ್ಲಿ ನೋಡಲಿ.

ಹಲಗೆ ಕೆಳಗಿಟ್ಟೆ. ಕುರ್ಚಿಯನ್ನು ಅವನ ಮುಖದ ನೇರಕ್ಕೆ ಎಳೆದುಕೊಂಡೆ. ಚಮಚ ಇರಲಿಲ್ಲ, ತುಟಿಗೆ ನೀರು ಸವರಲು ಇಟ್ಟಿದ್ದ ಪುಟ್ಟ ಮರದ ಕಡ್ಡಿ ಇತ್ತು. ಅದರಿಂದ ಎತ್ತಿಕೊಂಡೆ. ತಣ್ಣಗಿತ್ತು. ಹುಳಿ ಮೊದಲು ಬಂತು, ಆಮೇಲೆ ಹಾಲು.

"ಹುಳಿ ಇದೆ" ಎಂದೆ. "ಸಕ್ಕರೆ ಒಂಚೂರು ಕಮ್ಮಿ. ಹಾಲು… ಹಾಲು ಕೊನೇಲಿ ಬರುತ್ತೆ. ನಾಲಿಗೆಯ ಹಿಂದೆ."

ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಹುಡುಗರು ನಕ್ಷೆಯಲ್ಲಿ ಗೆರೆ ಸರಿಯಾಗಿ ಎಳೆಯುತ್ತಾರೋ ಇಲ್ಲವೋ ಎಂದು ನೋಡುವ ಹಾಗೆ.

ಒಳಗೆ ಹಿಡಿದುಕೊಂಡಿದ್ದೆ. ಇಳಿಯುತ್ತಿರಲಿಲ್ಲ. ಅವನು ಕಾದ. ಕಣ್ಣು ಮಿಟುಕಿಸಲಿಲ್ಲ. ಗದ್ದ ಎದೆಗೆ ತಾಗಿಸಿ, ಅವನಿಗೆ ಕಲಿಸಿದ ಹಾಗೆಯೇ, ನುಂಗಿದೆ. ತಲೆ ಎತ್ತಿದಾಗ ಅವನ ಗಂಟಲೂ ಒಮ್ಮೆ ಮೇಲೆದ್ದು, ಇಳಿಯಿತು.